ಆಸ್ಮಂಡನ ಗಿಡ

ಅವರು ಬರುವುದು ಹನ್ನೊಂದು ಗಂಟೆಗೆ. ವರ್ನಾ ಐದೂವರೆಗೇ ಎದ್ದು, ರಾತ್ರಿ ಅಂಗಿಯ ಮೇಲೆ ಮಳೆಕೋಟು ಏರಿಸಿಕೊಂಡು, ಟೀ ಲೋಟ ಹಿಡಿದು ಹಿತ್ತಲಿಗೆ ಬಂದು ನಿಂತಿದ್ದಳು. ಟೀ ಆರಿ ಎಷ್ಟು ಹೊತ್ತಾಗಿತ್ತೋ, ಅವಳಿಗೆ ಅದರ ಮೇಲೆ ಗಮನವಿರಲಿಲ್ಲ. ದಕ್ಷಿಣದ ಗೋಡೆಗೆ ಒತ್ತಿಕೊಂಡು, ಬಿದಿರಿನ ತಡಿಕೆಯ ಮರೆಯಲ್ಲಿ, ಆಸ್ಮಂಡನ ಗಿಡ ಇತ್ತು. ಗಿಡ ಅನ್ನಿಸಿಕೊಳ್ಳುವಂಥದ್ದು ಅದರಲ್ಲಿ ಈಗ ಏನೂ ಉಳಿದಿರಲಿಲ್ಲ. ಮೊಣಕಾಲೆತ್ತರದ ಒಂದು ಬೋಳು ಕಾಂಡ, ಮೈತುಂಬ ಉದುರಿದ ಎಲೆಗಳ ಬುಡ, ನೆತ್ತಿಯ ಮೇಲೆ ಒಂದು ಹಿಡಿ ಕಂದು ಉಣ್ಣೆ. ಆ ಉಣ್ಣೆಯನ್ನು ಸೀಳಿಕೊಂಡು ಮೂರು ವಾರದಿಂದ ಏನೋ ಮೇಲೇಳುತ್ತಿತ್ತು. ಎಲೆಯಾಗಿದ್ದರೆ ಅವಳು ಬೀದಿಗೆ ಓಡಿ ಕೂಗುತ್ತಿದ್ದಳು. ಎಲೆಯಲ್ಲ, ತೆನೆ. ಇದು ಸೈಕಾಡು, ನೋಡಲು ತಾಳೆಯ ಹಾಗಿದ್ದರೂ ತಾಳೆಯಲ್ಲ. ಸೈಕಾಡುಗಳು ಹೂ ಬಿಡುವ ಜಾತಿಯಲ್ಲ, ಪೈನ್ ಮರದ ಹಾಗೆ ಕೋನ್ ಬಿಡುತ್ತವೆ. ನೋಡಿದರೆ ಜೋಳದ ತೆನೆಯೇ ಸರಿ, ಹಾಗೇ ಕರೆಯೋಣ. ಇಪ್ಪತ್ತು ವರ್ಷ ಸೈಕಾಡು ಸಾಕಿದವರ ಬಾಯಲ್ಲಿ ಒಂದು ಮಾತಿದೆ: ಸಾಯುವ ಗಿಡ ಕೊನೆಗೊಮ್ಮೆ ತೆನೆ ಬಿಟ್ಟು ಸಾಯುತ್ತದೆ. ಆರುವ ದೀಪಕ್ಕೆ ಬೆಳಕು ಹೆಚ್ಚು. ವರ್ನಾ ಅದನ್ನು ನೋಡುತ್ತ, ಸಾಯುವುದಿದ್ದರೆ ನಾಳೆ ಸಾಯಬಾರದಿತ್ತೇ, ಇವತ್ತೇ ಯಾಕೆ ಈ ಮೆರವಣಿಗೆ, ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು.

ದ್ವೀಪದ ಸೈಕಾಡು ಸಂಘದಲ್ಲಿ ಮೂವತ್ತೊಂದು ಜನ. ಹಿಮ ಬೀಳುವ ಊರಲ್ಲಿ ಆಫ್ರಿಕದ ಗಿಡ ಸಾಕುತ್ತೇವೆ ಎಂದು ಹೊರಟವರಿಗೆ ಬುದ್ಧಿ ನೆಟ್ಟಗಿರುತ್ತದೆಂದು ಯಾರೂ ಹೇಳುವುದಿಲ್ಲ, ಆದರೆ ಕಟ್ಟಳೆಗಳು ಮಾತ್ರ ನೆಟ್ಟಗಿದ್ದವು. ಸಭೆಯಲ್ಲಿ ಯಾರಾದರೂ ಬಾಯಿತಪ್ಪಿ ಸೈಕಾಡನ್ನು ತಾಳೆ ಎಂದರೆ ಅವತ್ತಿನ ಟೀ ಲೋಟಗಳನ್ನೆಲ್ಲ ಅವರೇ ತೊಳೆಯಬೇಕು. ವರ್ನಾ ಸೇರಿದ ಮೊದಲ ವರ್ಷ ಪ್ರತಿ ತಿಂಗಳೂ ತೊಳೆದಿದ್ದಳು. ಮೂವತ್ತು ವರ್ಷ ಶಾಲಾ ಬಸ್ಸು ಓಡಿಸಿ ನಿವೃತ್ತಳಾದವಳಿಗೆ ಮಕ್ಕಳ ಬಾಯಿ ಗೊತ್ತು, ಇಂಥ ದೊಡ್ಡವರ ಬಾಯಿ ಗೊತ್ತಿರಲಿಲ್ಲ. ಇನ್ನೊಂದು ಕಟ್ಟಳೆ ಇದಕ್ಕಿಂತ ಬಿಗಿ. ಸಂಘದವರು ಯಾರಾದರೂ ತೀರಿಕೊಂಡರೆ ಅವರ ಗಿಡಗಳು ಅಂಗಡಿಗೆ ಹೋಗುವುದಿಲ್ಲ, ಇನ್ನೊಬ್ಬ ಸದಸ್ಯರ ಮನೆಗೆ ದತ್ತು ಹೋಗುತ್ತವೆ. ಆದರೆ ಗಿಡದ ತಗಡಿನ ಚೀಟಿಯ ಮೇಲೆ ಸತ್ತವರ ಹೆಸರೇ ಇರುತ್ತದೆ. ಮೂರು ವರ್ಷ ತುಂಬಿದಾಗ ಇಬ್ಬರು ಹಿರಿಯರು ಬಂದು, ಗಿಡದ ನೆತ್ತಿಯನ್ನು ಹೆಬ್ಬೆರಳಿಂದ ಒತ್ತಿ ನೋಡುತ್ತಾರೆ. ಗಿಡ ಚೆನ್ನಾಗಿದ್ದರೆ ಹಳೆಯ ಚೀಟಿ ಕಿತ್ತು ಸಾಕಿದವರ ಹೆಸರಿನ ಚೀಟಿ ನೆಡುತ್ತಾರೆ. ಇಲ್ಲದಿದ್ದರೆ ಗಿಡವನ್ನು ಅಗೆದುಕೊಂಡು ಹೋಗುತ್ತಾರೆ. ಹಾಗೆ ಗಿಡ ಕಳೆದುಕೊಂಡವರು ಆಮೇಲೆ ಸಭೆಗೆ ಬಂದದ್ದನ್ನು ಯಾರೂ ಕಂಡಿಲ್ಲ.

ಅವಳಿಗೆ ತಾಳೆಗೂ ಸೈಕಾಡಿಗೂ ಇರುವ ವ್ಯತ್ಯಾಸ ಹೇಳಿಕೊಟ್ಟವನು ಆಸ್ಮಂಡ್ ಪ್ರೈಡೋ, ತೊಳೆದ ಲೋಟಗಳನ್ನು ಪಕ್ಕದಲ್ಲಿ ನಿಂತು ಒರೆಸುತ್ತ. ಬೀಜದಿಂದ ಕಾಫಿ ಡಬ್ಬಿಯಲ್ಲಿ ಎಬ್ಬಿಸಿ, ನಲವತ್ತೊಂದು ವರ್ಷ ಸಾಕಿದ ಗಿಡ ಅವನದು. ದಕ್ಷಿಣ ಆಫ್ರಿಕದ ಬೆಟ್ಟದ ಜಾತಿ, ನೆತ್ತಿಗೆ ಉಣ್ಣೆ ಹೊದ್ದುಕೊಂಡೇ ಹುಟ್ಟುವಂಥದು. ಆಸ್ಪತ್ರೆಯಲ್ಲಿ ಕೊನೆಯ ವಾರ ಅವನು, ವರ್ನಾಗೆ ಕೊಡಿ, ಎಂದ. ಮಂಚದ ಕಾಲ್ದೆಸೆಯಲ್ಲಿ ನಿಂತಿದ್ದ ಸಂಘದ ಅಧ್ಯಕ್ಷ ಲೋವೆಲ್ ಬ್ರಾಂಡ್‌ವೋಲ್ಡ್, ಫೆರ್ರಿ ಹಡಗಿನ ಕ್ಯಾಪ್ಟನ್ ಆಗಿ ನಿವೃತ್ತನಾದವನು, ಇನ್ನೂ ಹಡಗಿನ ಮೇಲೇ ನಿಂತಿರುವ ಹಾಗೆ ಕಾಲು ಅಗಲಿಸಿಕೊಂಡು, "ಅವಳಾ? ಜರೀಗಿಡ ಸಾಕೋಕೂ ಬರಲ್ಲ ಅವಳಿಗೆ," ಎಂದ. ವರ್ನಾ ಬಾಗಿಲ ಹೊರಗೆ ಹೂಗುಚ್ಛ ಹಿಡಿದು ನಿಂತಿದ್ದಳು. ಒಳಗೆ ಹೋಗಲೇ, ವಾಪಸು ಹೋಗಲೇ ಎಂದು ತಿಳಿಯದೆ, ದಾದಿಯೊಬ್ಬಳು ಬಂದು ಯಾರು ಬೇಕಿತ್ತು ಎಂದು ಕೇಳುವವರೆಗೂ ನಿಂತೇ ಇದ್ದಳು. ಆ ಮಾತು ಅವಳ ಕಿವಿಯಲ್ಲಿ ಇವತ್ತಿಗೂ ಇಳಿಯದೆ ಕೂತಿದೆ. ನಿಜ ಹೇಳಬೇಕೆಂದರೆ ಆದದ್ದೆಲ್ಲ ಆದದ್ದು ಆ ಮಾತಿನಿಂದಲೇ.

ಎಂಟು ಗಂಟೆಗೆ ದೂರದ ಒಳನಾಡಿನ ಊರು ಕೆಲೋನಾದಿಂದ ಅವಳ ತಂಗಿ ಆರ್ಲಿಸ್ ಫೋನ್ ಮಾಡಿದಳು. "ಏನೇ, ಬಂದ್ರಾ ನಿನ್ನ ಪೊಲೀಸರು?"

"ಹನ್ನೊಂದಕ್ಕೆ."

"ಒಂದು ಮರದ ತುಂಡಿಗೆ ಇಷ್ಟೊಂದು ಒದ್ದಾಡ್ತೀಯಲ್ಲ ಮಾರಾಯ್ತಿ. ಸತ್ತೋಯ್ತು ಅಂತ ಹೇಳಿ ಕೈ ತೊಳ್ಕೋ."

"ಸತ್ತಿಲ್ಲ."

"ಹಾಗಾದ್ರೆ ಬದುಕಿದೆ ಅನ್ನು."

"ಅದೂ ಗೊತ್ತಿಲ್ಲ."

"ನೀನೊಬ್ಬಳು! ಗಂಡ ಬಿಟ್ಟು ಹೋದಾಗ ನೀನು ಇಷ್ಟು ಅತ್ತಿರಲಿಲ್ಲ," ಎಂದು ಆರ್ಲಿಸ್ ನಕ್ಕಳು. ವರ್ನಾಳೂ ನಗಲು ನೋಡಿದಳು. ಆರ್ಲಿಸಳ ಬೆಚ್ಚನೆಯ ಅಡುಗೆಮನೆ ಕಣ್ಣಿಗೆ ಬಂತು, ಎರಡೂವರೆ ವರ್ಷದ ಹಿಂದಿನ ಆ ಫೆಬ್ರವರಿ, ಎರಡು ದಿನಕ್ಕೆಂದು ಹೋದವಳು ಒಂಬತ್ತು ದಿನ ಉಳಿದದ್ದು. ಇಸ್ಪೀಟಾಟ, ಸೇಬಿನ ಕಡುಬು, ಹೊರಗೆ ಮೊಣಕಾಲುದ್ದ ಹಿಮ. ಹೊರಡುವ ಮುಂಚೆ ಆಸ್ಮಂಡನ ಗಿಡಕ್ಕೆ ಅವನೇ ಕಲಿಸಿದ ಹಾಗೆ ಕ್ರಿಸ್‌ಮಸ್ ದೀಪದ ಸರ ಸುತ್ತಿ, ಅದರ ಮೇಲೆ ಹುಲ್ಲು, ಗೋಣಿ, ಎಲ್ಲಕ್ಕೂ ಮೇಲೆ ಮಳೆ ತಾಗದ ಹಾಗೆ ಪ್ಲಾಸ್ಟಿಕ್ಕು ಬಿಗಿದು ಬಂದಿದ್ದಳು. ಹಳೆಯ ಕಾಲದ ಬಲ್ಬು, ಮುಟ್ಟಿದರೆ ಕೈ ಸುಡುವಂಥದು. ಮೂರನೆಯ ದಿನ ಆರ್ಲಿಸಳ ಟೀವಿಯಲ್ಲಿ ಹವಾಮಾನದವನು, ಕರಾವಳಿಯಲ್ಲಿ ಚಳಿ ಮುರಿದಿದೆ, ವಾರವಿಡೀ ಬಿಸಿಲು, ಎಂದ. ದೀಪ ಆರಿಸಬೇಕು, ಪ್ಲಾಸ್ಟಿಕ್ಕು ಬಿಚ್ಚಬೇಕು, ಐದು ನಿಮಿಷದ ಕೆಲಸ. ಅವಳ ಮನೆಗೆ ಹತ್ತು ನಿಮಿಷದ ದಾರಿಯಲ್ಲಿ ಇರುವವನು ಲೋವೆಲ್ ಒಬ್ಬನೇ. ಫೋನು ಕೈಗೆತ್ತಿಕೊಂಡು ಅವನ ನಂಬರನ್ನು ಅರ್ಧ ಒತ್ತಿದಳು. ಜರೀಗಿಡ ಸಾಕೋಕೂ ಬರಲ್ಲ ಅವಳಿಗೆ. ಫೋನು ಕೆಳಗಿಟ್ಟಳು. ಏನೂ ಆಗಲ್ಲ, ಫೆಬ್ರವರಿ ಬಿಸಿಲಿಗೆ ಎಷ್ಟು ಶಕ್ತಿ, ಎಂದು ತನಗೆ ತಾನೇ ಹೇಳಿಕೊಂಡು ಇಸ್ಪೀಟೆಲೆ ಹಂಚಿದಳು. ಆ ಆಟ ಅವಳೇ ಗೆದ್ದಳು ಕೂಡ.

ಮನೆಗೆ ಬಂದು ಪ್ಲಾಸ್ಟಿಕ್ಕು ಬಿಚ್ಚಿದಾಗ ಬೇಯಿಸಿದ ಎಲೆಕೋಸಿನ ವಾಸನೆ ಬಂತು. ಎಲೆಗಳೆಲ್ಲ ಕಂದು, ಮುಟ್ಟಿದರೆ ಕಿತ್ತು ಕೈಗೆ ಬರುತ್ತಿದ್ದವು. ಪ್ಲಾಸ್ಟಿಕ್ಕಿನ ಅಂಚು ಕಾಂಡಕ್ಕೆ ಕರಗಿ ಅಂಟಿ ಕಪ್ಪು ಪಟ್ಟಿಯಾಗಿತ್ತು. ಕೊಳೆತದ್ದನ್ನು ಅಡುಗೆ ಚಾಕುವಿನಿಂದ ಕೆತ್ತಿ ತೆಗೆದು, ಗಾಯಕ್ಕೆ ದಾಲ್ಚಿನ್ನಿ ಪುಡಿ ತುಂಬಿ, ಅಲ್ಲೇ ಕೆಸರಲ್ಲಿ ಕೂತು ಅತ್ತಳು. ಮೇ ತಿಂಗಳ ಸಭೆಯಲ್ಲಿ ಎದ್ದು ನಿಂತು, ಆಸ್ಮಂಡನ ಗಿಡ ಚೆನ್ನಾಗಿದೆ, ಎಂದು ಹಿಂದಿನ ಬೇಸಗೆಯ ಫೋಟೋ ತೋರಿಸಿದಳು. ಮರುವರ್ಷ ಅದೇ ಬೇಸಗೆಯ ಇನ್ನೊಂದು ಫೋಟೋ. ಸಂಘದ ಅತ್ಯಂತ ಹಿರಿಯಳು, ಎಂಬತ್ತೆರಡರ ಫುಮಿಕೊ ಒಕಾಬೆ, ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, "ಬೆಕ್ಕು ಚೆನ್ನಾಗಿದೆ," ಎಂದಷ್ಟೇ ಹೇಳಿ ಪಕ್ಕದವರಿಗೆ ದಾಟಿಸಿದಳು. ಫೋಟೋದ ಮೂಲೆಯಲ್ಲಿದ್ದ ವರ್ನಾಳ ಬೆಕ್ಕು ಸತ್ತು ಆರು ತಿಂಗಳಾಗಿತ್ತು, ಫುಮಿಕೊಳೇ ಅದಕ್ಕೆ ಸಂತಾಪದ ಕಾರ್ಡು ಕಳಿಸಿದ್ದಳು. ಅವತ್ತು ರಾತ್ರಿ ವರ್ನಾಗೆ ಊಟ ಸೇರಲಿಲ್ಲ. ಆದರೂ ಒಂದು ದಿನವೂ ಆ ಬೋಳು ಕಾಂಡಕ್ಕೆ ಬೆನ್ನು ಹಾಕಲಿಲ್ಲ. ಬೆಳಿಗ್ಗೆ ಬಿಸಿಲಿಗೆ ತಡಿಕೆ ಸರಿಸುವುದು, ಮಳೆಗೆ ಮುಚ್ಚುವುದು, ಹೆಬ್ಬೆರಳಿಂದ ಒತ್ತಿ ನೋಡುವುದು. ಎರಡು ಚಳಿಗಾಲ ಬರೀ ಗೋಣಿ, ದೀಪವಿಲ್ಲ, ಪ್ಲಾಸ್ಟಿಕ್ಕಿಲ್ಲ. ಹಿಮ ಬಿದ್ದ ರಾತ್ರಿಗಳಲ್ಲಿ ತನ್ನ ಹಾಸಿಗೆಯ ಕಂಬಳಿಯನ್ನೇ ತಂದು ಹೊದಿಸಿದ್ದಳು. ಯಾರಿಗೂ ಹೇಳುವ ಹಾಗಿಲ್ಲದ ಸೇವೆ ಅದು.

ಹನ್ನೊಂದಕ್ಕೆ ಐದು ನಿಮಿಷ ಇರುವಾಗಲೇ ಲೋವೆಲನ ಕಾರು ಬಂತು. ಅವನು ಎಲ್ಲಕ್ಕೂ ಐದು ನಿಮಿಷ ಮುಂಚೆ. ಜೊತೆಗೆ ಕೋಲೂರಿಕೊಂಡು ಫುಮಿಕೊ. ವರ್ನಾ ಮೊಟ್ಟೆಯ ಸ್ಯಾಂಡ್‌ವಿಚ್ ಮಾಡಿಟ್ಟಿದ್ದಳು, ಟೀಗೆ ನೀರಿಟ್ಟಿದ್ದಳು.

"ಟೀ ಆಮೇಲೆ," ಎಂದ ಲೋವೆಲ್. "ಮೊದಲು ಗಿಡ."

"ಒಂದು ಗುಟುಕು ಕುಡಿದು..."

"ನಿನ್ನ ಟೀ ಎಲ್ಲಿ ಓಡಿಹೋಗುತ್ತೆ ವರ್ನಾ?"

ಅವಳು ಮುಂದೆ ನಡೆದಳು. ತಡಿಕೆ ಸರಿಸುವಾಗ ಒಂದು ಬಿದಿರು ಪಟ್ಟೆಂದು ಮುರಿಯಿತು. ಲೋವೆಲ್ ನೋಡಿದ. ಟೋಪಿ ತೆಗೆದ. ಸಾವಿನ ಮನೆಯಲ್ಲಿ ತೆಗೆಯುತ್ತಾರಲ್ಲ, ಹಾಗೆ. ಅದು ಅವಳಿಗೆ ಯಾವ ಬೈಗುಳಕ್ಕಿಂತಲೂ ನೋಯಿತು.

"ಎಲೆ ಎಲ್ಲಿ?"

"ಸ್ವಲ್ಪ ಚಳಿ ಹೊಡೀತು..."

"ಚಳಿಯಂತೆ! ಈ ಜಾತಿ ಬೆಟ್ಟದ ಮೇಲೆ ಹಿಮ ಹೊದ್ಕೊಂಡು ಮಲಗುತ್ತೆ. ಯಾರಿಗೆ ಹೇಳ್ತೀಯ ಈ ಕತೆ? ನಲವತ್ತೊಂದು ವರ್ಷ ವರ್ನಾ, ನಲವತ್ತೊಂದು ವರ್ಷ! ಆ ಮನುಷ್ಯ ಹೆಂಡತಿ ಹುಟ್ಟುಹಬ್ಬ ಮರೀತಿದ್ದ, ಇದಕ್ಕೆ ನೀರು ಹಾಕೋದು ಮರೀತಿರಲಿಲ್ಲ. ನಾನು ಅವತ್ತೇ ಹೇಳಿದೆ..."

"ಕೇಳಿಸ್ಕೊಂಡಿದ್ದೆ," ಎಂದಳು ವರ್ನಾ.

ಇಷ್ಟರಲ್ಲಿ ಫುಮಿಕೊ ಕೋಲನ್ನು ಗೋಡೆಗೆ ಆನಿಸಿ, ಅಮ್ಮಾ ಎನ್ನುತ್ತ ಮೊಣಕಾಲೂರಿ ಕೂತಿದ್ದಳು. ಹೆಬ್ಬೆರಳಿಟ್ಟು ನೆತ್ತಿಯ ಸುತ್ತ ಒತ್ತಿದಳು, ಒಂದು ಕಡೆ, ಇನ್ನೊಂದು ಕಡೆ, ಮತ್ತೊಂದು ಕಡೆ. "ಗಟ್ಟಿ ಇದೆ," ಎಂದಳು. ಉಣ್ಣೆಯನ್ನು ಎರಡು ಬೆರಳಿಂದ ಬಿಡಿಸಿದಳು. "ಇಲ್ಲಿ ನೋಡು, ತೆನೆ ಸುತ್ತ ಹಸಿರು ಮೊನೆ. ಎಲೆ ಬರ್ತಿದೆ. ಸಾಯೋ ಗಿಡ ಎಲೆಗೆ ಯಾಕೆ ಕಷ್ಟ ಪಡುತ್ತೆ?" ವರ್ನಾ ಬಗ್ಗಿ ನೋಡಿದಳು. ಮೂರು ವಾರದಿಂದ ಆ ತೆನೆಯನ್ನೇ ದಿಟ್ಟಿಸಿದ್ದಳು, ಹೆದರಿ ಒಮ್ಮೆಯೂ ಉಣ್ಣೆ ಬಿಡಿಸಿರಲಿಲ್ಲ. ಫುಮಿಕೊ ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು, ತೆನೆಗೆ ಮೂಗು ತಾಗುವಷ್ಟು ಬಾಗಿದಳು. ಬೆರಳಿಂದ ಅದರ ಸುತ್ತಳತೆ ನೋಡಿದಳು. ಅದರ ಒಂದೊಂದೇ ಚಿಪ್ಪನ್ನು ಸವರಿದಳು. ಲೋವೆಲ್ ಇನ್ನೂ ಮಾತಾಡುತ್ತಲೇ ಇದ್ದ, ಸಂಘದ ಮಾನ, ಆಸ್ಮಂಡನ ಆತ್ಮ, ಇತ್ಯಾದಿ.

"ಲೋವೆಲ್, ಬಾಯಿ ಮುಚ್ಕೊಂಡು ಇಲ್ಲಿ ಬಾ," ಎಂದಳು ಫುಮಿಕೊ. "ಇದು ಹೆಣ್ಣು."

"ಏನು?"

"ಹೆಣ್ಣು ತೆನೆ. ನಿನ್ನ ಕಣ್ಣು ಸರಿ ಇದ್ರೆ ನೋಡು. ಗಂಡು ತೆನೆ ಇಷ್ಟು ದಪ್ಪ ಎಲ್ಲಿರುತ್ತೆ?"

ಇದರ ಅರ್ಥ ಮೂವರಿಗೂ ಗೊತ್ತಿತ್ತು: ಸೈಕಾಡಿನಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ, ಎರಡೂ ಇದ್ದರೇ ಬೀಜ. ಈ ಜಾತಿಯ ಗಿಡ ಸಂಘದಲ್ಲಿ ಆಸ್ಮಂಡನದೂ ಸೇರಿ ಇಪ್ಪತ್ತೆರಡು ಇದ್ದವು, ಹದಿನೈದು, ಇಪ್ಪತ್ತು ವರ್ಷ ಕಾದ ಮೇಲೆ ಒಂದೊಂದಾಗಿ ತೆನೆ ಬಿಟ್ಟಾಗ ಇಪ್ಪತ್ತೆರಡೂ ಗಂಡೇ. ನಮ್ಮದು ಸಂಘವಲ್ಲ ಮಠ, ಎಂದು ಆಸ್ಮಂಡ್ ನಗುತ್ತಿದ್ದ. ಪ್ರತಿ ವರ್ಷ ಎಲ್ಲರೂ ಪರಾಗವನ್ನು ಕಾಗದದ ಪೊಟ್ಟಣ ಕಟ್ಟಿ ಫ್ರಿಜ್ಜಿನಲ್ಲಿ ಬಟಾಣಿಯ ಪಕ್ಕ ಇಡುತ್ತಿದ್ದರು, ಎಂದಾದರೂ ಹೆಣ್ಣೊಂದು ಸಿಗಲಿ ಎಂದು, ಸಿಗದೆ ಮರುವರ್ಷ ಎಸೆಯುತ್ತಿದ್ದರು. ಈ ದ್ವೀಪದಲ್ಲಿ ಆ ಜಾತಿಯ ಒಂದು ಬೀಜವೂ ಈವರೆಗೆ ಆದದ್ದಿಲ್ಲ.

ಲೋವೆಲ್ ನೋಡಿದ. ಎದ್ದು ನಿಂತ. ಮುಖ ಬಿಗಿಯಿತು. "ಸರಿ ಹಾಗಾದ್ರೆ. ಇದು ಆಸ್ಮಂಡನ ಗಿಡ ಅಲ್ಲ. ಅವನದು ಗಂಡು, ಒಂಬತ್ತು ಸಲ ತೆನೆ ಬಿಟ್ಟಿದ್ದನ್ನ ನಾನೇ ನೋಡಿದೀನಿ. ಅವನ ಗಿಡ ಸಾಯಿಸಿ, ಎಲ್ಲಿಂದಲೋ ಇನ್ನೊಂದು ತಂದು ನೆಟ್ಟು, ಅವನ ಚೀಟಿ ಚುಚ್ಚಿದೀಯ. ನಿಜ ತಾನೆ?"

ವರ್ನಾಗೆ ಮೊದಲು ನಗು ಬಂತು. ಎರಡೂವರೆ ವರ್ಷ ಸುಳ್ಳು ಹೇಳಿದಾಗ ನಂಬಿದ ಮನುಷ್ಯ ಈಗ ನಿಜ ಕಣ್ಣೆದುರು ನಿಂತಾಗ ನಂಬುತ್ತಿಲ್ಲ. ಬೇಕಾದ್ದೇ, ಎಂದುಕೊಂಡಳು. ಆಮೇಲೆ ಸಿಟ್ಟು ಬಂತು, ಅವನ ಮೇಲಲ್ಲ, ಸಭೆಯಲ್ಲಿ ಆ ಫೋಟೋ ಹಿಡಿದು ನಿಂತಿದ್ದ ಹೆಂಗಸಿನ ಮೇಲೆ, ಅಂದರೆ ತನ್ನ ಮೇಲೇ, ಅವಳ ತಗ್ಗಿಸಿದ ದನಿಯ ಮೇಲೆ, ಅರ್ಧ ಒತ್ತಿ ಬಿಟ್ಟ ಆ ನಂಬರಿನ ಮೇಲೆ. ಇನ್ನೊಂದು ಮಾತಿನಲ್ಲಿ ತಪ್ಪಿಸಿಕೊಳ್ಳಲು ದಾರಿಯಿತ್ತೇನೋ. ಬೇಕಾಗಿರಲಿಲ್ಲ ಅವಳಿಗೆ. ಬಸ್ಸಿನ ಹಿಂದಿನ ಸೀಟಿಗೂ ಕೇಳುವ ಅವಳ ಹಳೆಯ ಗಂಟಲು ತಾನಾಗಿ ಬಂತು.

"ಇದು ಆಸ್ಮಂಡನ ಗಿಡಾನೇ. ಹೇಗೆ ಗೊತ್ತು ಅಂದ್ರೆ, ಇದನ್ನ ಬೇಯಿಸಿದೋಳು ನಾನೇ. ಫೆಬ್ರವರಿಯಲ್ಲಿ ದೀಪ ಹಾಕಿ, ಪ್ಲಾಸ್ಟಿಕ್ಕು ಕಟ್ಟಿ, ತಂಗಿ ಮನೇಲಿ ಇಸ್ಪೀಟಾಡ್ತಾ ಒಂಬತ್ತು ದಿನ ಕೂತಿದ್ದೆ. ಬಿಸಿಲು ಬಂದಿದ್ದೂ ಗೊತ್ತಿತ್ತು. ನಿಮಗೊಂದು ಫೋನ್ ಮಾಡಿದ್ರೆ ಸಾಕಿತ್ತು, ಮಾಡ್ಲಿಲ್ಲ. ನೀವು ಏನಂತೀರೋ ಅನ್ನೋ ಅಹಂಕಾರಕ್ಕೆ ಮಾಡ್ಲಿಲ್ಲ. ಫೋಟೋ ಎಲ್ಲ ಹಳೇವು. ನಾನು ಸಭೇಲಿ ಹೇಳಿದ್ದೆಲ್ಲ ಸುಳ್ಳು. ಬಗ್ಗಿ ನೋಡಿ, ಆ ಕಪ್ಪು ಪಟ್ಟಿ, ಅದು ಪ್ಲಾಸ್ಟಿಕ್ಕು ಕರಗಿದ್ದು. ಈಗ ಏನು ಬೇಕಾದ್ರೂ ಮಾಡಿ, ಆದ್ರೆ ಇನ್ನೊಂದು ಗಿಡ ತಂದೆ ಅನ್ಬೇಡಿ. ಅದಾದ ಮೇಲೆ ಇದನ್ನ ಬಿಟ್ಟು ಒಂದು ದಿನವೂ ಇದ್ದಿಲ್ಲ ನಾನು."

ಹೇಳಿ ಮುಗಿಸಿದಾಗ ಪಕ್ಕದ ಮನೆಯ ಕಿಟಕಿ ತೆರೆದದ್ದು ಕಂಡಿತು. ತೆರೆಯಲಿ. ಮೈ ಹಗುರಾಗಿತ್ತು, ಹಸಿವೂ ಆಗುತ್ತಿತ್ತು.

"ಬೆಕ್ಕಿನ ಫೋಟೋ," ಎಂದಳು ಫುಮಿಕೊ ತಲೆಯೆತ್ತದೆ. "ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ ಕಾಯ್ತಾನೇ ಇದ್ದೆ."

ಲೋವೆಲ್ ಕೆಳಗೆ ಕೂತ. ಕಪ್ಪು ಪಟ್ಟಿಯನ್ನು ಉಗುರಿನಿಂದ ಕೆರೆದು ಮೂಸಿ ನೋಡಿದ. ಇನ್ನೂ ಸಮಾಧಾನವಿಲ್ಲ. ಎಲೆಬುಡಗಳ ಸಂದಿಯಲ್ಲಿ ಬೆರಳಾಡಿಸುತ್ತ ಒಂದು ಸುತ್ತು ಬಂದ, ಹಿಂಬದಿಗೆ ಬಂದಾಗ ಕೈ ನಿಂತಿತು. ಹೆಬ್ಬೆರಳು ಗಾತ್ರದ ಒಣಗಿದ ತುಂಡೊಂದು ಅಲ್ಲಿತ್ತು, ಯಾವತ್ತೋ ಕತ್ತರಿಸಿದ ತೆನೆಯ ತೊಟ್ಟು. ಅದನ್ನೇ ನೋಡುತ್ತ ಕೂತುಬಿಟ್ಟ. ತೊಟ್ಟಿನ ಮೇಲಿನ ಕೊಯ್ತ ಬಲಕ್ಕೆ ಓರೆಯಾಗಿತ್ತು. ಲೋವೆಲ್ ಎಡಚ.

"ಇದು ನಾನು ಕೊಯ್ದಿದ್ದು," ಎಂದ. ದನಿ ಬೇರೆಯಾಗಿತ್ತು. "ಅವನ ಸೊಂಟ ಮುರಿದಿದ್ದ ವರ್ಷ. ಅವನು ಕುರ್ಚಿ ಮೇಲೆ ಕೂತ್ಕೊಂಡು, ಗರಗಸ ನೆಟ್ಟಗೆ ಹಿಡಿಯೋ ಕ್ಯಾಪ್ಟನ್, ಅಂತ ಬೈತಿದ್ದ. ಗಂಡು ತೆನೆ. ಈ ಕೈಯಾರೆ ಪರಾಗ ಉದುರಿಸಿದೀನಿ." ಗಂಡಿನ ಹಳೆಯ ತೊಟ್ಟಿನ ಮೇಲೊಂದು ಬೆರಳು, ಹೆಣ್ಣಿನ ಹೊಸ ತೆನೆಯ ಮೇಲೊಂದು ಬೆರಳು ಇಟ್ಟುಕೊಂಡು ಅವನು ಫುಮಿಕೊಳ ಕಡೆ ನೋಡಿದ. "ಒಂದೇ ಕಾಂಡ."

"ಸಾವಿನ ಬಾಯಿಗೆ ಹೋಗಿ ಬಂದ ಗಿಡ ಗಂಡಿದ್ದದ್ದು ಹೆಣ್ಣಾಗುತ್ತೆ ಅಂತ ನಮ್ಮಜ್ಜ ಹೇಳ್ತಿದ್ದ," ಎಂದಳು ಫುಮಿಕೊ. "ಮುದುಕ ಬುರುಡೆ ಬಿಡ್ತಾನೆ ಅಂದ್ಕೊಂಡಿದ್ದೆ."

"ಪುಸ್ತಕದಲ್ಲೂ ಓದಿದೀನಿ. ನಂಬಿರಲಿಲ್ಲ." ಲೋವೆಲ್ ಏಳಲು ನೋಡಿದ, ಆಗಲಿಲ್ಲ, ಮಂಡಿ ಹಿಡಿದಿತ್ತು. ವರ್ನಾ ಕೈ ಕೊಟ್ಟಳು. ಅವನು ಆ ಕೈ ಹಿಡಿದು ಎದ್ದು, ಬಿಡದೆ ಹಾಗೇ ನಿಂತ. ಅವನ ಕಣ್ಣು ಒದ್ದೆಯಾಗಿದ್ದನ್ನು ಕಂಡು ಅವಳಿಗೆ ಗಾಬರಿಯಾಯಿತು. "ಅವನು ನೋಡ್ಬೇಕಿತ್ತು," ಎಂದ. ಆಮೇಲೆ ಕ್ಯಾಪ್ಟನನ ದನಿ ಹುಡುಕಿ ತಂದು, "ಸುಳ್ಳು ಹೇಳಿದ್ದು ತಪ್ಪು. ಆ ವಿಷಯ ಸಭೇಲಿ ನೀನೇ ಹೇಳ್ಬೇಕು," ಎಂದ.

"ಹೇಳ್ತೀನಿ. ಇವತ್ತೇ ಕರೀರಿ ಬೇಕಾದ್ರೆ."

"ಮತ್ತೆ ನಾನು ಆಸ್ಪತ್ರೆಯಲ್ಲಿ ಹೇಳಿದ್ದು... ಅದೂ ತಪ್ಪೇ. ಫೋನ್ ಮಾಡಿದ್ರೆ ಬರ್ತಿದ್ದೆ ವರ್ನಾ. ಬೈಕೊಂಡೇ ಬರ್ತಿದ್ದೆ, ಆದ್ರೆ ಬರ್ತಿದ್ದೆ."

"ಗೊತ್ತು," ಎಂದಳು ಅವಳು. ಗೊತ್ತಿರಲಿಲ್ಲ, ಈಗ ಗೊತ್ತಾಗಿತ್ತು.

ಸ್ಯಾಂಡ್‌ವಿಚ್ ಒಂದೂ ಉಳಿಯಲಿಲ್ಲ. ಫುಮಿಕೊ ನಾಲ್ಕು ತಿಂದಳು. ತಿನ್ನುತ್ತಲೇ ಲೆಕ್ಕ ಹಾಕಿದರು: ತೆನೆಯ ಚಿಪ್ಪುಗಳ ನಡುವೆ ಸಂದಿ ಬಿಡಲು ಇನ್ನು ಹತ್ತು ಹನ್ನೆರಡು ದಿನ, ಬಿಟ್ಟ ಮೇಲೆ ಗಂಡಿನ ಪರಾಗವನ್ನು ಅದರೊಳಗೆ ಊದಲು ಸಿಗುವುದು ನಾಲ್ಕೋ ಐದೋ ದಿನ. ಲೋವೆಲನ ಫ್ರಿಜ್ಜಿನಲ್ಲಿ ಈ ವರ್ಷದ ಪೊಟ್ಟಣ ಇತ್ತು. ಅವನು ಲೋಟದಲ್ಲಿ ಚಮಚ ತಿರುಗಿಸುತ್ತ, ತಿರುಗಿಸುತ್ತ, ಸಕ್ಕರೆ ಹಾಕಿಕೊಳ್ಳದ ಮನುಷ್ಯ, ಕೊನೆಗೂ, "ತರಬಹುದಾ?" ಎಂದು ಕೇಳಿದ. ಹನ್ನೆರಡು ವರ್ಷದಲ್ಲಿ ಅವನು ಅವಳನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು.

"ತನ್ನಿ," ಎಂದಳು ವರ್ನಾ. "ಆದ್ರೆ ಊದೋದು ನಾನು."

"ನೀನೇ ಊದು. ಏಣಿ ಬೇಕಾದ್ರೆ ನಾನು ಹಿಡ್ಕೋತೀನಿ."

"ಮೊಣಕಾಲೆತ್ತರದ ಗಿಡಕ್ಕೆ ಏಣಿ ಯಾಕೋ?" ಎಂದಳು ಫುಮಿಕೊ. ಮೂವರೂ ನಕ್ಕರು, ಲೋವೆಲ್ ಎಲ್ಲರಿಗಿಂತ ಜೋರಾಗಿ. ವರ್ನಾ ನಗುತ್ತ ನಗುತ್ತ ಸಿಂಕಿನ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಇಷ್ಟು ಸಂತೋಷವಾಗಿ ಎಷ್ಟು ವರ್ಷವಾಗಿತ್ತೋ ಅವಳಿಗೇ ನೆನಪಿಲ್ಲ. ಬೀಜವಾಗುತ್ತದೆ. ದ್ವೀಪದ ಮೊದಲ ಬೀಜ, ಕೆಂಪಗೆ, ಕಿತ್ತಳೆ ಬಣ್ಣಕ್ಕೆ ತಿರುಗುತ್ತ, ನೂರೋ ಇನ್ನೂರೋ. ಇಪ್ಪತ್ತೊಂದು ಮನೆಯವರು ಪೊಟ್ಟಣ ಹಿಡಿದುಕೊಂಡು ಅವಳ ಗೇಟಿನ ಮುಂದೆ ನಿಲ್ಲುತ್ತಾರೆ. ನಿಲ್ಲಲಿ. ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಾಳೆ.

ಫುಮಿಕೊಳನ್ನು ಕಾರಿನಲ್ಲಿ ಕೂರಿಸಿ, ಬಾಗಿಲು ಹಾಕಿ, ಲೋವೆಲ್ ತಿರುಗಿ ಬಂದ. ಟೋಪಿ ಕೈಯಲ್ಲೇ ಇತ್ತು. ಕಾರಿನ ಕಡೆ ಒಮ್ಮೆ ನೋಡಿ, ಒಳಗಿರುವವಳಿಗೆ ಕೇಳಬಾರದೆಂದು ದನಿ ತಗ್ಗಿಸಿದ.

"ಆ ಪ್ಲಾಸ್ಟಿಕ್ಕು... ತೆಳ್ಳಗಿನದೋ ದಪ್ಪದ್ದೋ?"

"ಯಾಕೆ?"

"ಸುಮ್ನೆ ಕೇಳ್ದೆ. ಬಲ್ಬು ಎಷ್ಟಿದ್ವು ಒಟ್ಟು? ಐವತ್ತರ ಸರಾನೋ, ನೂರರದ್ದೋ?"

ವರ್ನಾ ಅವನ ಮುಖ ನೋಡಿದಳು. ಅವನ ಮನೆಯ ಮುಂದೆ ಇದೇ ಜಾತಿಯ, ಎಲೆ ಸೇರಿ ಎದೆಯೆತ್ತರದ, ಇಪ್ಪತ್ತಾರು ವರ್ಷ ಸಾಕಿದ ಗಂಡು ಗಿಡ ಇತ್ತು. ಅವಳಿಗೆ ಅರ್ಥವಾಯಿತು. ನಗು ತಡೆಯಲು ಗೇಟನ್ನು ಹಿಡಿದುಕೊಳ್ಳಬೇಕಾಯಿತು.

"ಹುಚ್ಚಾ ನಿಮಗೆ? ಆ ಕೆಲಸಕ್ಕೆ ಕೈ ಹಾಕ್ಬೇಡಿ. ಸತ್ತೇ ಹೋಗುತ್ತೆ."

"ಇದು ಸಾಯಲಿಲ್ವಲ್ಲ," ಎಂದ ಲೋವೆಲ್, ಮಗುವಿನ ಹಾಗೆ ಹಟ ಹಿಡಿದು.

"ನಿಮ್ಮದು ಸಾಯುತ್ತೆ," ಎಂದಳು ವರ್ನಾ. "ನನ್ನದು ಸಾಯಲಿಲ್ಲ."